ಮುಕ್ತ ತಂತ್ರಾಂಶ ಪ್ಯಾಕೇಜ್‌ಗಳಿಗೆ ಹೆಸರಿಡುವ ಬಗ್ಗೆ

ಮುಕ್ತ ತಂತ್ರಾಂಶವನ್ನು ಸಾರ್ವಜನಿಕ ಬಳಕೆಗೆ ಬಿಡುಗಡೆ ಮಾಡುವವರು, ಆಯ್ದ ಹೆಸರು ಬೇರೊಂದು ತಂತ್ರಾಂಶಕ್ಕೆ ಅಥವಾ ವ್ಯಾಪಾರ ಚಿಹ್ನೆಯಾಗಿ ಬಳಕೆಯಲ್ಲಿದೆಯೇ ಎಂಬುದನ್ನು ಮುಂಚಿತವಾಗಿಯೇ ಪರಿಶೀಲಿಸತಕ್ಕದ್ದು.

ಫೈರ್‌ಫಾಕ್ಸ್ ಬ್ರೌಸರ್ ಇದಕ್ಕೆ ನಿದರ್ಶನ. 2002ರಲ್ಲಿ ಅದು ಫೀನಿಕ್ಸ್ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಫೀನಿಕ್ಸ್ ಟೆಕ್ನಾಲಜೀಸ್ ಸಂಸ್ಥೆಯ ವ್ಯಾಪಾರ ಚಿಹ್ನೆಯ ಕಾರಣ 2003ರಲ್ಲಿ ಫೈರ್‌ಬರ್ಡ್ ಎಂದು ಬದಲಾಯಿಸಲಾಯಿತು. ಆದರೆ ಅದೇ ಹೆಸರಿನ ದತ್ತಸಂಚಯ ತಂತ್ರಾಂಶವೊಂದು ಮುಕ್ತ ತಂತ್ರಾಂಶ ವಲಯದಲ್ಲಿಯೇ ಅದಾಗಲೇ ಇತ್ತು. ಅದನ್ನು ರೂಪಿಸಿದವರು ಆಕ್ಷೇಪಣೆ ಸಲ್ಲಿಸಿದರು. ಫೆಬ್ರವರಿ 2004ರಲ್ಲಿ ಮೂರನೆಯ ಹೆಸರನ್ನು ಇಡಬೇಕಾಯಿತು. ಸರಿಯಾಗಿ ಹುಡುಕಿದ್ದಲ್ಲಿ ಎರಡನೆಯ ಬದಲಾವಣೆಯಾದರೂ ತಪ್ಪುತ್ತಿತ್ತು. ಮೂಲ ಸಂಕೇತವನ್ನು ಬಳಸಲು ಪರವಾನಗಿ ಇದ್ದ ಮಾತ್ರಕ್ಕೆ ಹೆಸರನ್ನು ಬಳಸುವ ಹಕ್ಕು ದೊರೆಯುವುದಿಲ್ಲ ಎಂಬುದನ್ನೂ ಗಮನಿಸುವುದು.

ಡೆಬಿಯನ್ ನಿಯಮದಂತೆ ಪ್ಯಾಕೇಜ್ ಹೆಸರಿನಲ್ಲಿ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಕೂಡುವ ಮತ್ತು ಕಳೆಯುವ ಚಿಹ್ನೆ ಹಾಗೂ ಚುಕ್ಕೆಗಳಿಗೆ ಮಾತ್ರ ಅವಕಾಶವಿದೆ. ಕನಿಷ್ಠ 2 ಅಕ್ಷರಗಳಿರಬೇಕು. ಕನ್ನಡ ಲಿಪಿಗೆ ಅವಕಾಶವಿಲ್ಲ. ಗುಬ್ಬಿ ಎಂಬ ಕನ್ನಡ ಅಕ್ಷರಶೈಲಿಯು ಅಲ್ಲಿ ‘ಫಾಂಟ್ಸ್-ಗುಬ್ಬಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿಯೇ ದೊರೆಯುತ್ತದೆ. ಮೊದಲ ಭಾಗವು ಪ್ಯಾಕೇಜ್‌ನ ವರ್ಗವನ್ನು ತಿಳಿಸುವುದರಿಂದ ಹುಡುಕುವವರಿಗೆ ಅನುಕೂಲ. ಕನ್ನಡ ಪದವನ್ನು ಆಯ್ದುಕೊಳ್ಳುವವರು ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲರೂ ಒಂದೇ ಬಗೆಯಾಗಿ ಬರೆಯಬಲ್ಲ ಪದವನ್ನು ಆರಿಸುವುದು ಸೂಕ್ತ. ‘ಗುಬ್ಬಿ’ ಅಂತಹುದು, ‘ಅಕ್ಷರ’ವನ್ನಾದರೋ ಎರಡು ಮೂರು ಬಗೆಯಾಗಿ ಬರೆಯುವವರಿದ್ದಾರೆ.