ಆಟದ ಮೂಲಕ ಭಾಷಾಟಿಪ್ಪಣಿ: ಬಹುಮತ ಮತ್ತು ಭಿನ್ನಮತ

ಗಣಕಕ್ಕೆ ಭಾಷೆಯನ್ನು ಕಲಿಸಬೇಕಾದರೆ ಪಠ್ಯದ ಪದಗಳ ಅರ್ಥ ಹಾಗೂ ಅನ್ವಯಗಳನ್ನು ಸೂಚಿಸುವ ಟಿಪ್ಪಣಿ ಅಗತ್ಯ. ವಿದ್ವಾಂಸರಿಂದಲೇ ಇದನ್ನು ಮಾಡಿಸುವುದು ವೆಚ್ಚದ, ನಿಧಾನದ ಕೆಲಸ. ಭಾಷಾವಿಜ್ಞಾನದ ತರಬೇತಿಯಿಲ್ಲದವರಿಂದಲೂ ಆಟದ ರೂಪದಲ್ಲಿ ಇದನ್ನು ಸಾಧಿಸಬಹುದೆಂಬುದನ್ನು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ 2008ರಲ್ಲಿ ಆರಂಭವಾದ 'ಫ್ರೇಸ್ ಡಿಟೆಕ್ಟಿವ್ಸ್' ತೋರಿಸಿಕೊಟ್ಟಿತು.

ಈ ಆಟಕ್ಕೆ ಎರಡು ಹಂತಗಳಿವೆ. ಮೊದಲನೆಯದರಲ್ಲಿ, ಪಠ್ಯದ ಒಂದು ನಾಮಪದ ಅಥವಾ ಸರ್ವನಾಮವು ಹಿಂದೆ ಬಂದ ಯಾವುದನ್ನು ನಿರ್ದೇಶಿಸುತ್ತದೆಂದು ಆಟಗಾರರು ಗುರುತಿಸುತ್ತಾರೆ. ಎರಡನೆಯದರಲ್ಲಿ, ಇತರರ ಉತ್ತರವನ್ನು ಒಪ್ಪುತ್ತಾರೆ ಇಲ್ಲವೆ ತಿರಸ್ಕರಿಸುತ್ತಾರೆ. ಉತ್ತರವು ಮೊದಲೇ ನಿಶ್ಚಿತವಾಗಿರುವ ಪಠ್ಯಗಳಿಂದ ಅವರ ವಿಶ್ವಾಸಾರ್ಹತೆಯನ್ನು ಅಳೆಯಲಾಗುತ್ತದೆ. 2019ರಲ್ಲಿ ಪ್ರಕಟವಾದ ಇಂಗ್ಲಿಷ್ ಪಠ್ಯಸಂಗ್ರಹದಲ್ಲಿ ಸುಮಾರು 1,08,000 ಪದಗುಚ್ಛಗಳಿಗೆ 22 ಲಕ್ಷಕ್ಕೂ ಹೆಚ್ಚು ತೀರ್ಪುಗಳಿವೆ. ಅಂದರೆ ಒಂದೊಂದಕ್ಕೆ ಸರಾಸರಿ 20. ಬಹುಮತದ ಉತ್ತರವನ್ನಷ್ಟೇ ಉಳಿಸಿಕೊಳ್ಳದೆ ಭಿನ್ನ ತೀರ್ಪುಗಳನ್ನೂ ಕಾಯ್ದಿರಿಸಿದುದು ಇದರ ವೈಶಿಷ್ಟ್ಯ.

ಕನ್ನಡದ ಮಟ್ಟಿಗೆ ಈ ವೈಶಿಷ್ಟ್ಯವೇ ಮುಖ್ಯವಾದುದು. 'ಅಕ್ಕ ತಂಗಿಗೆ ಸುದ್ದಿ ಹೇಳಿದಳು. ಆಮೇಲೆ ಮಾತನಾಡಲಿಲ್ಲ' ಎಂಬಲ್ಲಿ ಮಾತನಾಡದವಳು ಯಾರು? 'ಹೇಳಿದಳು' ಎಂಬ ರೂಪವು ಲಿಂಗ, ವಚನ, ಪುರುಷಗಳನ್ನು ಸೂಚಿಸುತ್ತದೆ. 'ಮಾತನಾಡಲಿಲ್ಲ' ಎಂಬ ನಿಷೇಧರೂಪವು ಅವುಗಳಲ್ಲಿ ಯಾವುದನ್ನೂ ಸೂಚಿಸದು. ಕರ್ತೃಪದವು ಲೋಪವಾದಾಗ ಸಂದರ್ಭವೊಂದೇ ಆಧಾರ. ಇಲ್ಲಿ ಉತ್ತರಗಳು ಇಬ್ಭಾಗವಾದರೆ ಅದು ಆಟಗಾರರ ದೋಷವಲ್ಲ, ವಾಕ್ಯದ ಸ್ವಭಾವ.

ಇನ್ನೊಂದು ಬಗೆಯ ಭಿನ್ನತೆಯು ಆಟಗಾರರ ಪರಿಸರದಿಂದ ಹುಟ್ಟುತ್ತದೆ. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಕೇಂದ್ರ ಸರ್ಕಾರಿ ನೌಕರರ ವಸತಿಗಳಿದ್ದು, ಹಲವು ಭಾಷೆಗಳ ಜನರು ನೆರೆಹೊರೆಯಾಗಿ ಬಾಳುತ್ತಾರೆ. ಇಂತಹ ಕಡೆ ಆಟವನ್ನು ಆಡಿಸುವುದಾದರೆ, ಮನೆಯಲ್ಲಿ ಕನ್ನಡವನ್ನೂ ಹೊರಗೆ ಹಿಂದಿ, ಮರಾಠಿಗಳನ್ನೂ ಬಳಸುವವರ ತೀರ್ಪು ದೊರೆಯುತ್ತದೆ. ಹಿಂದಿಯಲ್ಲಿ ಓದಿದವರಿಗೆ 'ಉಪನ್ಯಾಸ'ವೆಂದರೆ ಮೊದಲು ಕಾದಂಬರಿ ನೆನಪಾಗಬಹುದು. 'ಪಗಾರ' ಎಂಬುದು ಧಾರವಾಡದ ಕಡೆಯವರಿಗೆ ಮನೆಮಾತು. ಮೈಸೂರಿನ ಕಡೆಯವರಿಗೆ 'ಸಂಬಳ'ವೇ ಸಹಜ. ಪದವು ಕನ್ನಡದ್ದೇ, ಅನ್ಯಭಾಷೆಯದೇ ಎಂದು ಕೇಳುವ ಆಟದಲ್ಲಿ ಮೈಸೂರು ಕಡೆಯವರೇ ಹೆಚ್ಚಿದ್ದರೆ, 'ಪಗಾರ'ವು ಬಹುಮತದಿಂದ ಹೊರಗುಳಿದೀತು. ಆಗ ಗಣಕವು ಕಲಿಯುವುದು ಕನ್ನಡವನ್ನಲ್ಲ, ಕನ್ನಡದ ಒಂದು ಪ್ರದೇಶವನ್ನು.

ಆದುದರಿಂದ ಹೊರನಾಡಿನಲ್ಲಿ ಇಂತಹ ಕಾರ್ಯಕ್ಕೆ ತೊಡಗುವ ಸಂಶೋಧಕರು ಮೂರು ಅಂಶಗಳನ್ನು ಗಮನಿಸುವುದು ಒಳಿತು. ಮೊದಲನೆಯದಾಗಿ, ಆಟಗಾರರ ಹೆಸರನ್ನು ಕೇಳದೆ, ಅವರ ಮನೆಮಾತು, ಮೂಲ ಜಿಲ್ಲೆ, ಓದಿದ ಮಾಧ್ಯಮಗಳನ್ನು ದಾಖಲಿಸಬೇಕು. ಎರಡನೆಯದಾಗಿ, ಪರೀಕ್ಷಾವಾಕ್ಯಗಳನ್ನು ಒಂದಕ್ಕಿಂತ ಹೆಚ್ಚು ಪ್ರಾದೇಶಿಕ ರೂಪಗಳಿಂದ ಆಯಬೇಕು. ಇಲ್ಲವಾದರೆ ಬೇರೊಂದು ಉಪಭಾಷೆಯವರು ಆರಂಭದಲ್ಲಿಯೇ ಅನರ್ಹರೆನಿಸಿಬಿಡುತ್ತಾರೆ. ಮೂರನೆಯದಾಗಿ, ಎಲ್ಲ ತೀರ್ಪುಗಳನ್ನೂ ಉಳಿಸಬೇಕು. ಅಲ್ಪಮತದ ಉತ್ತರವು ಕೆಲವೊಮ್ಮೆ ತಪ್ಪಾಗಿರಬಹುದು. ಕೆಲವೊಮ್ಮೆ ಅದು ಹೊರನಾಡ ಕನ್ನಡದ ಏಕೈಕ ಸಾಕ್ಷ್ಯವೂ ಆಗಿರಬಹುದು.