‘ರೆಕ್’ ಹೋಯ್ತು, ‘ಲೆಸ್’ ಉಳೀತು

ರಸ್ತೆ ಸುರಕ್ಷತಾ ಸಪ್ತಾಹಕ್ಕೆ ಕಾಲೇಜಿನಲ್ಲಿ ಪೋಸ್ಟರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ರೆಕ್‌ಲೆಸ್ ಡ್ರೈವಿಂಗ್ ಬೇಡ’ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದೆ. ಆದರೆ ಪದದ ಮೊದಲಿಗೆ ಒಂದು ‘ಡಬ್ಲ್ಯು’ ಸೇರಿಸಿಬಿಟ್ಟಿದ್ದೆ. ಗಾಡಿ ನಜ್ಜುಗುಜ್ಜಾಗುವುದಕ್ಕೆ ಡಬ್ಲ್ಯುದಿಂದ ಶುರುವಾಗುವ ‘ರೆಕ್’ ಅಂತಾರಲ್ಲ, ಇದೂ ಅದೇ ಎಂದುಕೊಂಡಿದ್ದೆ. ‘ಏನೋ, ಆಕ್ಸಿಡೆಂಟ್ ಇಲ್ಲದ ಡ್ರೈವಿಂಗ್ ಬೇಡ ಅಂತೀಯಾ?’ ಎಂದು ಗೆಳೆಯ ನಕ್ಕ. ಆಗ ನಿಘಂಟು ತೆರೆದೆ.

ಅಲ್ಲಿ ಸಿಕ್ಕಿದ್ದು ಬೇರೆಯೇ ‘ರೆಕ್’. ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷ್ ಕ್ರಿಯಾಪದ. ಕಾಳಜಿ ಮಾಡು, ಲಕ್ಷ್ಯ ಕೊಡು, ಲೆಕ್ಕಿಸು ಎಂದು ಅರ್ಥ. 1600ರ ಆಸುಪಾಸಿನಲ್ಲಿ ಶೇಕ್ಸ್‌ಪಿಯರ್ ಬರೆದ ‘ಹ್ಯಾಮ್ಲೆಟ್’ ನಾಟಕದಲ್ಲಿ ಪರದೇಶಕ್ಕೆ ಹೊರಟ ಲೇರ್ಟಿಸ್ ತಂಗಿ ಒಫೀಲಿಯಾಗೆ ಉದ್ದಕ್ಕೂ ಬುದ್ಧಿ ಹೇಳುತ್ತಾನೆ. ಅವಳು ಬಿಡುವುದಿಲ್ಲ. ನನಗೆ ಮುಳ್ಳಿನ ದಾರಿ ತೋರಿಸಿ ನೀನು ಹೂವಿನ ದಾರಿ ಹಿಡಿಯಬೇಡ, ನಿನ್ನ ಮಾತನ್ನು ನೀನೇ ಮರೆಯಬೇಡ ಎಂಬರ್ಥದಲ್ಲಿ ಉತ್ತರ ಕೊಡುತ್ತಾಳೆ. ಆ ಒಂದೇ ಮಾತಿನಲ್ಲಿ ‘ರೆಕ್’ ಕೂಡ ಇದೆ, ‘ರೆಕ್‌ಲೆಸ್’ ಕೂಡ ಇದೆ.

ಆಮೇಲೆ ‘ರೆಕ್’ ಮೆಲ್ಲಗೆ ಮರೆಯಾಯಿತು, ‘ರೆಕ್‌ಲೆಸ್’ ಮಾತ್ರ ಉಳಿಯಿತು. ಅದೊಂದೇ ಅಲ್ಲ. ‘ರೂತ್’ ಎಂದರೆ ಕರುಣೆ. ಈಗ ಬಳಕೆಯಲ್ಲಿರುವುದು ‘ರೂತ್‌ಲೆಸ್’. ‘ಹ್ಯಾಪ್’ ಎಂದರೆ ಅದೃಷ್ಟ. ನಮಗೆ ಗೊತ್ತಿರುವುದು ‘ಹ್ಯಾಪ್‌ಲೆಸ್’.

ಇಂಗ್ಲಿಷನ್ನು ನೋಡಿ ನಗುವ ಹಾಗಿಲ್ಲ. ನಮ್ಮ ‘ಲೆಕ್ಕಿಸು’ ಪದವನ್ನೇ ನೋಡಿ. ‘ಮಳೆಯನ್ನೂ ಲೆಕ್ಕಿಸದೆ’, ‘ಪ್ರಾಣವನ್ನೂ ಲೆಕ್ಕಿಸದೆ’ ಎಂದು ದಿನವೂ ಓದುತ್ತೇವೆ. ‘ಅವನು ಮಳೆಯನ್ನು ಲೆಕ್ಕಿಸಿದ’ ಎಂದು ಯಾರಾದರೂ ಬರೆದದ್ದುಂಟೆ? ನೋಡಿಕೊಂಡು ನಿಧಾನವಾಗಿ ಮನೆ ಸೇರಿದವನ ಬಗ್ಗೆ ಸುದ್ದಿಯಾಗುವುದಿಲ್ಲ. ಪದಗಳಿಗೂ ಹಾಗೇ ಆಗುತ್ತದೇನೋ.

ಡಬ್ಲ್ಯು ಅಳಿಸಿ ಪೋಸ್ಟರ್ ಅಂಟಿಸಿದೆ. ಅದೇ ಸಂಜೆ ಗೆಳೆಯನ ಬೈಕಿನಲ್ಲಿ ಮೂವರು ಹೊರಟೆವು. ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು. ಗೇಟಿನ ಬಳಿ ನಾನೇ ಬರೆದ ಪೋಸ್ಟರ್ ಕಂಡಾಗ ಒಫೀಲಿಯಾ ನನಗೇ ಹೇಳಿದಂತಾಯಿತು. ‘ನಾನು ಬಸ್ಸಿಗೆ ಬರ್ತೀನಿ ಕಣ್ರೋ’ ಎಂದು ಇಳಿದೆ. ಇಬ್ಬರೂ ರೇಗಿಸಿದರು. ಆದರೂ ಹೆಲ್ಮೆಟ್ ತಲೆಗೇರಿತು.

ಮನೆಗೆ ಬಂದಾಗ ಏಳೂವರೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ‘ಯಾಕೋ ಇಷ್ಟು ಹೊತ್ತು? ಒಂದು ಫೋನ್ ಮಾಡೋಕಾಗಲ್ವಾ?’

ನಿಘಂಟು ‘ಬಳಕೆಯಲ್ಲಿಲ್ಲ’ ಎಂದ ಕ್ರಿಯಾಪದ ನಮ್ಮ ಮನೆಯ ಬಾಗಿಲಲ್ಲಿ ಇನ್ನೂ ಬಳಕೆಯಲ್ಲಿದೆ.