ಪರದೇಶದ ಅತಿಥಿಗೆ ಏನು ಬಡಿಸಬೇಕು?

ಪರದೇಶದವರು ಊಟಕ್ಕೆ ಬರುತ್ತಾರೆಂದರೆ ಸದಾಶಿವನಗರದ ನಮ್ಮ ಓಣಿಯಲ್ಲಿ ಮೊದಲು ಏಳುವ ಮಾತು ಪನೀರಿನದು. “ಅತ್ತೀ, ಪನೀರ್ ಮಸಾಲಾ, ನಾನ್ ಹೊರಗಿಂದ ತರಸೂಣೇನ್ರಿ? ಅವರಿಗೆ ಅದ ಗೊತ್ತಿರತದ” ಎಂದು ನನ್ನ ಸೊಸೆಯೂ ಕೇಳಿದ್ದಳು. ಗೊತ್ತಿರುತ್ತದೆ, ನಿಜ. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ರಾಬಿನ್ ಕುಕ್ ಅವರು ಚಿಕನ್ ಟಿಕ್ಕಾ ಮಸಾಲಾವನ್ನು ತಮ್ಮ ದೇಶದ ರಾಷ್ಟ್ರೀಯ ಖಾದ್ಯವೆಂದೇ ಕರೆದಿದ್ದರು. ತಮ್ಮೂರಿನಲ್ಲಿ ಸಿಗುವುದನ್ನೇ ಬೆಳಗಾವಿಗೆ ಬಂದವರಿಗೆ ಬಡಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇಂಥ ಅತಿಥಿಗಳು ನಮ್ಮಲ್ಲಿಗೆ ಬರುವುದು ಮಗನ ಕೆಲಸದ ದೆಸೆಯಿಂದ. ಇಲ್ಲಿನ ಕೆಎಲ್ಇ ಶಿಕ್ಷಣ ಸಂಸ್ಥೆ ಮಲೇಷ್ಯಾದ ವಿಶ್ವವಿದ್ಯಾಲಯವೊಂದರ ಜೊತೆ 2010ರಲ್ಲಿ ವೈದ್ಯಶಿಕ್ಷಣ ಶುರುಮಾಡಿದ ಮೇಲೆ ಅಲ್ಲಿನ ವಿದ್ಯಾರ್ಥಿಗಳು ಈ ಭಾಗಕ್ಕೆ ಹೊಸಬರಲ್ಲ. ಇಂಗ್ಲೆಂಡಿನ ವೈದ್ಯರೂ ಆಗಾಗ ಬರುತ್ತಾರೆ. ಅವರಲ್ಲೊಬ್ಬ ಹೆಣ್ಣುಮಗಳನ್ನು ನಾನೇ ಕೇಳಿದೆ: ನಿಮ್ಮ ಮನೆಗೆ ಹೊರದೇಶದವರು ಬಂದರೆ ಏನು ಮಾಡುತ್ತೀರಿ? ರವಿವಾರದ ರೋಸ್ಟ್ ಎಂದಳು. ಓವನ್‌ನಲ್ಲಿ ಬೆಂದ ಮಾಂಸ, ಬಟಾಟೆ, ಗ್ರೇವಿ, ಜೊತೆಗೆ ಮೈದಾ, ತತ್ತಿ, ಹಾಲು ಕಲಸಿ ಬಿಸಿ ಕೊಬ್ಬಿನಲ್ಲಿ ಉಬ್ಬಿಸಿದ ಯಾರ್ಕ್‌ಶೈರ್ ಪುಡಿಂಗ್. ಹನ್ನಾ ಗ್ಲಾಸ್ 1747ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲೇ ಈ ಪುಡಿಂಗಿನ ವಿಧಾನವಿದೆ. ಗೋಮಾಂಸ ತಿನ್ನದವರು ಬಂದರೆ ಕೋಳಿ ಬೇಯಿಸುತ್ತಾಳಂತೆ, ಮಾಂಸವನ್ನೇ ಮುಟ್ಟದವರಿಗೆ ಬೀಜ-ಕಾಯಿಪಲ್ಲೆಗಳ ರೋಸ್ಟ್. ಉಳಿದ ಊಟ ಹಾಗೇ ಇರುತ್ತದೆ. ಈ ಕ್ರಮ ನನಗೆ ಬಹಳ ಹಿಡಿಸಿತು. ವಾರವಾರ ತಾವು ಉಣ್ಣುವ ಊಟವನ್ನೇ ಇಟ್ಟುಕೊಂಡು, ಅತಿಥಿಗೆ ಆಗದ ಒಂದನ್ನು ಮಾತ್ರ ಬದಲಿಸುವುದು.

ನಮ್ಮ ಊಟ ಯಾವುದು? ಬೆಳಗಾವಿ ಎರಡು ಸೀಮೆಗಳ ನಡುವಿನ ಊರು. ದಕ್ಷಿಣದ ಖಾನಾಪುರದ ಕಡೆ ಅಡವಿ, ಜೋರು ಮಳೆ, ಭತ್ತ. ಮೂಡಲಿಗೆ ಬೈಲಹೊಂಗಲ, ಸವದತ್ತಿಯ ಎರೆಹೊಲಗಳಲ್ಲಿ ಬಿಳಿಜೋಳ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಎರಡೂ ಸೀಮೆಗಳನ್ನು ಹಾದುಹೋಗುತ್ತಾಳೆ. ಆದ್ದರಿಂದ ನನ್ನ ತಾಟಿಗೆ ಮೊದಲು ರೊಟ್ಟಿ, ಕೊನೆಗೆ ಅನ್ನ. ರೊಟ್ಟಿಯ ಜೊತೆ ಎಣಗಾಯಿ, ಒಂದು ಕಾಳಿನ ಪಲ್ಯ, ಹಿಂಡಿ, ಗಟ್ಟಿ ಮೊಸರು, ಹಸಿ ಮೆಂತೆ, ಮೂಲಂಗಿ, ಉಳ್ಳಾಗಡ್ಡಿ. ಮದುವೆಯ ಊಟದಂತೆ ಹದಿನಾರು ಬಗೆ ಮಾಡಿದರೆ ಬಂದವರಿಗೆ ಯಾವುದರ ರುಚಿಯೂ ನೆನಪಿರುವುದಿಲ್ಲ.

ರೊಟ್ಟಿಯನ್ನು ಅವರೆದುರಿಗೇ ಬಡಿಯಬೇಕು. ಜೋಳದಲ್ಲಿ ಗೋಧಿಯ ಅಂಟಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಬಿಸಿನೀರು ತಾಗಿದಾಗ ಪಿಷ್ಟವೇ ಹಿಟ್ಟನ್ನು ಹಿಡಿದಿಡುತ್ತದೆ. ಕೈಯಿಂದ ಬಡಿದು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿದಾಗ ಉಬ್ಬುವ ರೊಟ್ಟಿಯನ್ನು ನೋಡಿದವರು ಅದನ್ನು ಹೇಗೆ ಮುರಿದು ತಿನ್ನಬೇಕೆಂದು ತಾವೇ ಕೇಳುತ್ತಾರೆ. ಹಂಚಿನಿಂದ ನೇರ ತಾಟಿಗೆ ಬರಲಿ. ತಣ್ಣಗಾದರೆ ಬಿರುಸಾಗುತ್ತದೆ, ರೂಢಿಯಿಲ್ಲದವರಿಗೆ ಕಷ್ಟ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಕರೆಯುವಾಗಲೇ ಆಗಬೇಕು: ಯಾವ ಪದಾರ್ಥ ನಿಮಗೆ ಅಲರ್ಜಿ ಎಂದು ಕೇಳುವುದು. ಇದು ಸಂಕೋಚದ ವಿಷಯವಲ್ಲ. ಬ್ರಿಟನ್ನಿನಲ್ಲಿ ಹೋಟೆಲುಗಳು 14 ಬಗೆಯ ಅಲರ್ಜಿ ಪದಾರ್ಥಗಳ ಬಗ್ಗೆ ಗಿರಾಕಿಗಳಿಗೆ ತಿಳಿಸಲೇಬೇಕೆಂಬ ಕಾನೂನಿದೆ. ಶೇಂಗಾ, ಎಳ್ಳು, ಸಾಸಿವೆ, ಹಾಲು, ಗೋಧಿ ಎಲ್ಲವೂ ಆ ಪಟ್ಟಿಯಲ್ಲಿವೆ. ನಮ್ಮ ಎಣಗಾಯಿಯ ಮಸಾಲೆಯಲ್ಲಿ ಶೇಂಗಾ, ಎಳ್ಳು ಎರಡೂ ಇರುತ್ತವೆ. ಶೇಂಗಾ ಅಲರ್ಜಿ ಇದ್ದವರಿಗೆ ಒಂದು ಚಮಚ ಹಿಂಡಿ ಪ್ರಾಣಕ್ಕೇ ಬರಬಹುದು. ಅಂಥವರು ಬರುವ ದಿನ ಎಣಗಾಯಿ ಬಿಟ್ಟು, ಜೀರಿಗೆ ಒಗ್ಗರಣೆಯ ಜುಣಕ ಮಾಡುತ್ತೇನೆ. ಶೇಂಗಾ ಹಿಂಡಿ ಕುಟ್ಟಿದ ಮಿಕ್ಸರ್ ಅಂದು ಮುಟ್ಟುವುದಿಲ್ಲ, ಶೇಂಗಾ ಎಣ್ಣೆಯೂ ಒಲೆಯ ಹತ್ತಿರ ಬರುವುದಿಲ್ಲ. ಅಗಸಿ, ಗುರೆಳ್ಳಿನ ಹಿಂಡಿಯನ್ನೂ ಕೇಳಿಯೇ ಬಡಿಸುವುದು.

ಗೋಧಿ ಆಗದವರಿಗೆ ಜೋಳದ ರೊಟ್ಟಿ ಒಳ್ಳೆಯದೆಂದು ನಾವು ಧೈರ್ಯವಾಗಿರುತ್ತೇವೆ. ಆದರೆ ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮೊದಲು ಯಾರದೋ ಗೋಧಿ ಬೀಸಿರುತ್ತಾರೆ. ಅಂಗಡಿಯ ಇಂಗಿನ ಪುಡಿಯಲ್ಲೂ ಬಹಳ ಸಲ ಗೋಧಿಹಿಟ್ಟು ಬೆರೆತಿರುತ್ತದೆ, ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ ನೋಡಿ. ಅಂಥವರಿಗಾಗಿ ಜೋಳವನ್ನು ಮನೆಯಲ್ಲೇ, ಗೋಧಿ ತಾಗದ ಬೀಸುವ ಕಲ್ಲಿನಲ್ಲಿ ಬೀಸಬೇಕು. ಆಗದಿದ್ದರೆ ಅನ್ನವನ್ನೇ ಮುಖ್ಯ ಮಾಡಬೇಕು.

ಖಾರದ ಹೆದರಿಕೆಗೆ ಬ್ಯಾಡಗಿ ಮೆಣಸಿನಕಾಯಿ ಇದೆ: ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ಹತ್ತಿದವರು ನೀರಿಗೆ ಕೈ ಹಾಕುತ್ತಾರೆ. ನೀರಿಗೆ ಖಾರ ಇಳಿಯುವುದಿಲ್ಲ, ಮೊಸರಿಗೆ ಇಳಿಯುತ್ತದೆ. ಅದಕ್ಕೇ ಮೊಸರಿನ ಬಟ್ಟಲು ಮೊದಲೇ ತುಂಬಿರಲಿ. ಮಲೇಷ್ಯಾದ ಹುಡುಗರಿಗೆ ಈ ಚಿಂತೆಯಿಲ್ಲ, ಸಂಬಾಲ್ ತಿಂದು ಬೆಳೆದವರು ಕೆಂಪು ಚಟ್ನಿಯನ್ನು ಮತ್ತೆ ಕೇಳಿ ಹಾಕಿಸಿಕೊಳ್ಳುತ್ತಾರೆ. ಅವರಲ್ಲಿ ಹಲವರು ಮುಸ್ಲಿಮರು. ಮಾಂಸವಿಲ್ಲದ ಈ ಊಟದಲ್ಲಿ ಹಲಾಲ್ ಪ್ರಶ್ನೆ ಅಷ್ಟಾಗಿ ಏಳುವುದೂ ಇಲ್ಲ.

ಸಿಹಿಗೆ ನಮ್ಮೂರಿನ ಕುಂದಾ ಸಾಕು, ಅಂಗಡಿಯಿಂದ ತಂದರೂ ಅದು ಬೆಳಗಾವಿಯದೇ. ಮಾಂಡೆ ಇನ್ನೂ ಚಂದ. ಬೋರಲು ಹಾಕಿದ ಪಾತ್ರೆಯ ಮೇಲೆ ಅದನ್ನು ಬೇಯಿಸುವ ಕೈಗಳು ಈಗ ಕಡಿಮೆ, ಸಿಕ್ಕರೆ ಬಿಡಬೇಡಿ. ಗೆಣಸಿನ ಹಂಗಾಮಿನಲ್ಲಿ ನಾನು ಗೆಣಸಿನ ಹೋಳಿಗೆ ಮಾಡುತ್ತೇನೆ. ರೊಟ್ಟಿ ಬಡಿಸುವಾಗಲೇ ಮುಂದೆ ಅನ್ನ ಇದೆ, ಸಿಹಿ ಇದೆ ಎಂದು ಹೇಳಿಬಿಡಿ. ಇಲ್ಲದಿದ್ದರೆ ರೊಟ್ಟಿಯಲ್ಲೇ ಹೊಟ್ಟೆ ತುಂಬಿಸಿಕೊಂಡವರು ಖಾನಾಪುರದ ಅನ್ನಕ್ಕೆ ಬರುವಷ್ಟರಲ್ಲಿ ಕೈ ಅಡ್ಡ ಹಿಡಿಯುತ್ತಾರೆ.